ಮನೆಯ ಮೂಕಜೀವಿಯೂ ಗೃಹಸ್ಥನ ಭೃತ್ಯಾಚಾರವೂ

ಧರ್ಮವಿಚಾರವೆಂದೊಡನೆ ಜನರ ಮನಸ್ಸು ದೊಡ್ಡ ಸಂಗತಿಗಳ ಕಡೆಗೆ ಹರಿಯುವುದು ಸಹಜ. ಜಾತ್ರೆಯ ದಾಸೋಹಕ್ಕೆ ಎಷ್ಟು ಚೀಲ ಅಕ್ಕಿ ಸಂದಿತು, ಮಠದ ಪ್ರಸಾದನಿಲಯಕ್ಕೆ ಯಾರು ಎಷ್ಟು ಕೊಟ್ಟರು, ಪುರಾಣ ಮಂಗಲದ ದಿನ ಎಷ್ಟು ಮಂದಿ ಕೂಡಿದ್ದರು ಎಂಬ ಮಾತುಗಳು ಭಕ್ತರ ಕೂಟಗಳಲ್ಲಿ ನಡೆಯುತ್ತಿರುತ್ತವೆ. ಅವು ನಡೆಯತಕ್ಕ ಮಾತುಗಳೇ ಸರಿ. ಆದರೆ ಶರಣಧರ್ಮವು ಮುಖ್ಯವಾಗಿ ನಡೆಯ ಧರ್ಮ. ನಡೆಯ ಪರೀಕ್ಷೆಯು ನಾಲ್ಕು ಜನರು ನೋಡುವ ಸ್ಥಳದಲ್ಲಿ ಆಗುವುದು ಕಡಿಮೆ. ಹಿತ್ತಿಲ ಬಾಗಿಲಲ್ಲಿ, ದೀಪವಾರಿಸುವ ಹೊತ್ತಿನಲ್ಲಿ, ಯಾರೂ ಹೊಗಳದ ಕೆಲಸದಲ್ಲಿ ಆಗುವುದೇ ಹೆಚ್ಚು. ಅಂಥದೊಂದು ಚಿಕ್ಕ ಪರೀಕ್ಷೆಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ. ಮನೆಯಲ್ಲಿ ಬೆಳೆದ ಬೆಕ್ಕೊಂದು ಹಲವು ದಿನ ಕಾಣೆಯಾಗಿ, ಕಡೆಗೆ ಗಾಯಗೊಂಡು ಹೊಸ್ತಿಲಿಗೆ ಬಂದು ಬಿದ್ದರೆ ಇಷ್ಟಲಿಂಗಧಾರಿಯಾದ ಗೃಹಸ್ಥನು ಅದಕ್ಕೆ ಏನು ಮಾಡತಕ್ಕದ್ದು? ಮಾಡುವುದು ಅವನ ಇಚ್ಛೆಗೆ ಬಿಟ್ಟ ಕರುಣೆಯೋ, ಅಥವಾ ಮಾಡದಿದ್ದರೆ ಆಚಾರಕ್ಕೆ ಲೋಪ ಬರುವಂಥ ಕರ್ತವ್ಯವೋ?

ಪ್ರಶ್ನೆ ಅಲ್ಪವೆಂದು ಕೆಲವರು ನಗಬಹುದು. ಅದಕ್ಕೆ ಕಾರಣವೂ ಇದೆ. ಆಕಳು ಎತ್ತುಗಳಿಗೆ ನಮ್ಮ ಸಮಾಜದಲ್ಲಿ ಇರುವ ಗೌರವವು ಬೆಕ್ಕಿಗೆ ಇಲ್ಲ. ಅದು ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ನಾಯಿಯಂತೆ ಬಾಗಿಲು ಕಾಯುವುದೂ ಇಲ್ಲ. ದಾರಿಗೆ ಅಡ್ಡ ಬಂದರೆ ಅಪಶಕುನವೆಂಬ ಅಪವಾದವನ್ನು ಮಾತ್ರ ಹೊತ್ತಿದೆ. ಸಂಸ್ಕೃತದ ಧರ್ಮಗ್ರಂಥಗಳಲ್ಲಿ ಕಪಟಿಯ ಆಚರಣೆಗೆ ಬೈಡಾಲವ್ರತವೆಂದು ಹೆಸರಿಟ್ಟಿದ್ದಾರೆ. ಸಾಧುವಿನಂತೆ ಕಣ್ಣು ಮುಚ್ಚಿ ಕುಳಿತು ಸಮಯ ನೋಡಿ ಎರಗುವವನೇ ಬೈಡಾಲವ್ರತಿಕನು. ಕನ್ನಡದ ಗಾದೆಯೂ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನೇ ಹಾಸ್ಯ ಮಾಡುತ್ತದೆ. ಆದರೆ ಅದೇ ಸಂಸ್ಕೃತವು ಬೆಕ್ಕನ್ನು ಮಾರ್ಜಾರವೆಂದೂ ಕರೆದಿದೆ. ಶುದ್ಧಿ ಮಾಡುವುದೆಂಬ ಅರ್ಥದ ಮೃಜ್ ಧಾತುವಿನಿಂದ ಬಂದ ಶಬ್ದವದು. ಸದಾ ತನ್ನ ಮೈಯನ್ನು ತಾನೇ ತೊಳೆದುಕೊಳ್ಳುವ ಪ್ರಾಣಿಯೆಂದು ಅದರ ಇಂಗಿತ. ಬೆಕ್ಕು ಇಲಿಗಾಗಿ ಹೊಂಚು ಹಾಕುವುದು ಅದರ ಪ್ರಕೃತಿ. ಅದರಲ್ಲಿ ವ್ರತವೂ ಇಲ್ಲ, ವ್ರತಭಂಗವೂ ಇಲ್ಲ. ಕಪಟವು ಮನುಷ್ಯನದು, ಹೆಸರು ಮಾತ್ರ ಬೆಕ್ಕಿನದು. ಇನ್ನು ಶಕುನದ ಮಾತು. ಶಕುನ, ತಿಥಿ, ವಾರಗಳ ಭಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಿತ್ತೊಗೆದಿರುವುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ವಿಚಾರವು ಗಾಳಿಯಲ್ಲಿ ತೇಲದಂತೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡ ಸೀಮೆಯ ಒಂದು ಊರು. ಅಲ್ಲಿ ಕಿರಾಣಿ ಅಂಗಡಿಯಿಂದ ಜೀವನ ಸಾಗಿಸುವ ಒಬ್ಬ ಗೃಹಸ್ಥ. ಜೋಳದ ಚೀಲಗಳಿಗೆ ಇಲಿಗಳ ಕಾಟ ತಡೆಯಲಾರದೆ ಅವನು ಒಂದು ಮರಿಯನ್ನು ತಂದು ಸಾಕಿದನು. ಅದು ಮೂರು ವರ್ಷ ಅಂಗಡಿಯನ್ನು ಕಾಯಿತು, ಮಕ್ಕಳ ಹಾಸಿಗೆಯ ಮೇಲೆ ಮಲಗಿತು. ಒಂದು ದಿನ ಹೊರಗೆ ಹೋದುದು ಮರಳಲಿಲ್ಲ. ಮೊದಲೆರಡು ದಿನ ಮಕ್ಕಳು ಹುಡುಕಿದರು. ಬಳಿಕ ಮನೆಯವರು ಮರೆತರು. ಒಂಬತ್ತನೆಯ ದಿನ ಸಂಜೆ ಹಿತ್ತಿಲ ಕಟ್ಟಿಗೆಯ ಒಟ್ಟಿಲ ಸಂದಿಯಲ್ಲಿ ಕ್ಷೀಣವಾದ ಕೂಗು ಕೇಳಿಸಿತು. ಬೆಕ್ಕು ಬಂದಿತ್ತು. ಹಿಂಗಾಲುಗಳು ನೆಲಕ್ಕೆ ಎಳೆಯುತ್ತಿದ್ದವು. ಬೆನ್ನಿನ ಬಳಿಯ ಗಾಯವು ಕೀವು ತುಂಬಿ ನಾರುತ್ತಿತ್ತು. ಮೈಯಲ್ಲಿ ಎಲುಬು ಎಣಿಸುವಂತಿತ್ತು.

ಆ ಮನೆಯಲ್ಲಿ ಆಗ ಎದ್ದ ಮಾತುಗಳು ಮೂರು. ಅದು ಪಡೆದು ಬಂದ ಕರ್ಮ, ಅದೇ ಅನುಭವಿಸಿ ಹೋಗಲಿ, ನಡುವೆ ಕೈ ಹಾಕುವುದು ಯಾರಿಗೂ ಸಲ್ಲದೆಂದು ಯಜಮಾನನ ಅಣ್ಣನು ಹೇಳಿದನು. ಹಿರಿಯ ಮಗನ ಶಾಲೆಯ ಶುಲ್ಕವೇ ಇನ್ನೂ ಕಟ್ಟಿಲ್ಲ, ಬಾಗಿಲಿಗೆ ಬಂದ ಮನುಷ್ಯರಿಗೇ ಇಲ್ಲವೆನ್ನುವ ಕಾಲದಲ್ಲಿ ಬೆಕ್ಕಿಗೆ ವೈದ್ಯನೇ ಎಂದು ಯಜಮಾನನು ಕೇಳಿದನು. ಆತನ ಮಡದಿಯು ಮೃದುಸ್ವಭಾವದವಳೇ. ಆದರೂ ಕೀವು ರಕ್ತದ ಪ್ರಾಣಿಯನ್ನು ಪೂಜೆಯ ಮನೆಯೊಳಗೆ ತರುವುದು ಹೇಗೆ, ಮಾಂಸ ತಿನ್ನಿಸದೆ ಅದು ಚೇತರಿಸದೆಂದರೆ ಏನು ಮಾಡುವುದು ಎಂದು ಹೆದರಿದಳು. ಎಂಬತ್ತು ದಾಟಿದ ಮುದುಕಿ ತಾಯಿ ಮಾತ್ರ ವಾದಕ್ಕೆ ಹೋಗದೆ, "ತಮ್ಮಾ, ಮನೀ ಹುಡುಕ್ಕೊಂಡ ಬಂದೈತಿ. ಮೊದಲ ಒಳಗ ತಗೋ, ಆಮ್ಯಾಲ ಮಾತಾಡು" ಎಂದಳು. ಮುದುಕಿಯ ಮಾತೇ ಸಿದ್ಧಾಂತವೆಂದು ತೋರುವುದಾದರೂ, ಉಳಿದ ಮೂವರೂ ದುಷ್ಟರಲ್ಲ. ಅವರ ಮಾತುಗಳನ್ನು ಪೂರ್ವಪಕ್ಷವೆಂದು ಭಾವಿಸಿ ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ಮೊದಲನೆಯದು ಕರ್ಮವಾದ. ಜೀವಿಯು ತನ್ನ ಪೂರ್ವಕರ್ಮದ ಫಲವನ್ನು ಅನುಭವಿಸುತ್ತದೆ. ನೋವನ್ನು ತಗ್ಗಿಸಿದರೆ ಫಲಭೋಗಕ್ಕೆ ಅಡ್ಡ ಬಂದಂತೆ ಎಂಬುದು ಇದರ ಸಾರ. ಈ ವಾದವು ನಿಜವಾಗಿದ್ದರೆ ಜ್ವರ ಬಂದ ಮಗುವಿಗೆ ಔಷಧ ಕೊಡಕೂಡದು, ಹಸಿದವನಿಗೆ ಅನ್ನವಿಕ್ಕಕೂಡದು, ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಲೇಕೂಡದಿತ್ತು. ಬಾಯಾರಿದವರ ಬಾಯಾರಿಕೆಯೂ ಕರ್ಮಫಲವೇ ಆಗುತ್ತಿತ್ತಲ್ಲವೇ? ತನ್ನ ಮಗುವಿಗೆ ಅನ್ವಯಿಸದ ಸಿದ್ಧಾಂತವನ್ನು ಬೆಕ್ಕಿಗೆ ಮಾತ್ರ ಅನ್ವಯಿಸುವವನು ಸಿದ್ಧಾಂತವನ್ನು ನಂಬಿದವನಲ್ಲ, ಅದನ್ನು ಮರೆಯಾಗಿ ಬಳಸಿದವನು. ಇದಲ್ಲದೆ, ಕರ್ಮವೆಂಬುದು ಬೆಕ್ಕಿಗಷ್ಟೇ ಇರುವುದೇ? ನೋವುಂಡ ಜೀವಿಯೊಂದು ಒಬ್ಬನ ಹಿತ್ತಿಲಿಗೇ ಬಂದು ಬೀಳುವಾಗ ಆ ಮನೆಯವನ ಕರ್ಮವೂ ಅಲ್ಲಿ ಪ್ರಾರಂಭವಾಗುತ್ತದೆ. ನೋಡಿಯೂ ಬಾಗಿಲು ಹಾಕಿಕೊಂಡುದು ಆತನದೇ ಕೃತಿ. ಅದರ ಫಲವು ಬೆಕ್ಕಿನ ಲೆಕ್ಕಕ್ಕೆ ಸೇರುವುದಿಲ್ಲ. ಬಸವಣ್ಣನವರು ಧರ್ಮದ ಬುಡವನ್ನೇ ದಯೆಯಲ್ಲಿ ಇಟ್ಟರು. ಆ ದಯೆಯ ವ್ಯಾಪ್ತಿಯನ್ನು ಮನುಷ್ಯಜಾತಿಗೆ ಮಾತ್ರ ಸೀಮಿತಗೊಳಿಸಲಿಲ್ಲ. ಕಳ್ಳರು ಅವರ ಹಸುಗಳನ್ನು ಹೊಡೆದುಕೊಂಡು ಹೋದಾಗ, ಕೊಟ್ಟಿಗೆಯಲ್ಲಿ ಉಳಿದ ಕರುಗಳು ತಾಯಿಯಿಲ್ಲದೆ ಕೊರಗುವುವೆಂದು ಅವುಗಳನ್ನೂ ಹಿಂದಿನಿಂದ ಕಳುಹಿಸಿದರೆಂಬ ಕಥೆಯು ಜನರಲ್ಲಿ ಪ್ರಚಲಿತವಾಗಿದೆ. ಕಳವಿನ ವಿಚಾರಕ್ಕಿಂತ ಮೊದಲು ಕರುವಿನ ಹಸಿವು ಅವರ ಕಣ್ಣಿಗೆ ಬಿದ್ದಿತೆಂಬುದೇ ಆ ಕಥೆಯ ತಿರುಳು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಗಟ್ಟಿಯಾದುದು. ಮನುಷ್ಯರ ಕಷ್ಟವಿರುವಾಗ ಪ್ರಾಣಿಗೆ ಧನವ್ಯಯ ಮಾಡುವುದು ಅವಿವೇಕವೆಂಬ ಮಾತನ್ನು ಹೃದಯಹೀನರು ಮಾತ್ರವೇ ಆಡುವರೆಂದು ಹೇಳಲಾಗದು. ಮಿತಸಂಪಾದನೆಯ ಸಂಸಾರಿಗೆ ಪ್ರತಿಯೊಂದು ರೂಪಾಯಿಗೂ ಎರಡು ಕಡೆಯಿಂದ ಕೂಗು ಬರುತ್ತದೆ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನಡೆಯು ದಾರಿ ತೋರುತ್ತದೆ. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಲು ಆಕೆ ಹೇಳಿದ ವೃತ್ತಾಂತವನ್ನು ಅರಿಯದ ಭಕ್ತರಿಲ್ಲ. ಸಾಮಾನ್ಯವಾಗಿ ಈ ವೃತ್ತಾಂತವನ್ನು ಆಸೆಯ ನಿಷೇಧವೆಂದು ಅರ್ಥೈಸುತ್ತಾರೆ. ಅದರಲ್ಲಿ ಅಳತೆಯ ಪಾಠವೂ ಇದೆ. ಯಾವುದಕ್ಕೆ ಎಷ್ಟು ಬೇಕೋ ಅಷ್ಟು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಗಾಯಗೊಂಡ ಬೆಕ್ಕಿಗಾಗಿ ಮಗನ ಶುಲ್ಕವನ್ನು ತಪ್ಪಿಸಬೇಕೆಂದು ಯಾವ ಆಚಾರವೂ ಹೇಳುವುದಿಲ್ಲ. ಆದರೆ ಶುಲ್ಕ ಒಂದು ಕಡೆ, ಬೆಕ್ಕು ಒಂದು ಕಡೆ ಎಂದು ತಕ್ಕಡಿ ಹಿಡಿದವನು ಅದೇ ವಾರ ಮದುವೆಮನೆಯ ಉಡುಗೊರೆಗೆ, ಎಲೆಯಡಿಕೆಗೆ, ತಿರುಗಾಟಕ್ಕೆ ಎಷ್ಟು ವೆಚ್ಚ ಮಾಡಿದನೆಂಬುದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಬೆಕ್ಕಿನ ಎದುರಿಗೆ ಇಡಬೇಕಾದುದು ಬಡವನ ಅನ್ನವನ್ನಲ್ಲ, ತನ್ನ ಅನಗತ್ಯ ಭೋಗವನ್ನು. ಹಾಗೆ ಇಟ್ಟು ನೋಡಿದವನಿಗೆ ಲೆಕ್ಕವು ಬೇರೆಯಾಗಿಯೇ ಕಾಣುತ್ತದೆ.

ಇದಲ್ಲದೆ ಶರಣರು ಸೇವೆಯನ್ನು ತನು, ಮನ, ಧನ ಎಂದು ಮೂರಾಗಿ ವಿಂಗಡಿಸಿದರು. ಧನವು ಕೊನೆಯದು. ಗಾಯಗೊಂಡ ಪ್ರಾಣಿಗೆ ಬೇಕಾದುದರಲ್ಲಿ ಬಹುಭಾಗವು ತನುವಿನ ಸೇವೆ: ಸ್ವಚ್ಛವಾದ ಹಾಸು, ಕುಡಿಯಲು ನೀರು, ಹೊಲಸನ್ನು ತೆಗೆಯುವ ಕೈ, ರಾತ್ರಿ ಎದ್ದು ನೋಡುವ ಕಣ್ಣು. ಇವಕ್ಕೆ ಹಣ ಬೇಕಿಲ್ಲ. ಸರ್ಕಾರದ ಪಶುವೈದ್ಯ ಆಸ್ಪತ್ರೆಗಳು ತಾಲೂಕಿನ ಊರುಗಳಲ್ಲಿಯೂ ಅನೇಕ ಹೋಬಳಿಗಳಲ್ಲಿಯೂ ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಪಶುವೈದ್ಯ ಕಾಲೇಜು ಸ್ಥಾಪಿತವಾಯಿತು. ಶರಣರ ಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ ಈಗ ಪಶುವೈದ್ಯ ವಿಶ್ವವಿದ್ಯಾನಿಲಯವಿದೆ. ಆಸ್ಪತ್ರೆಯು ಎತ್ತು ಎಮ್ಮೆಗಳಿಗೆ ಮಾತ್ರವೆಂದು ಭಾವಿಸಿ ಅನೇಕರು ಬೆಕ್ಕನ್ನು ಒಯ್ಯುವುದೇ ಇಲ್ಲ. ಅದು ತಪ್ಪು ತಿಳುವಳಿಕೆ.

ದೇಶದ ಕಾನೂನು ಸಹ ಈ ವಿಷಯದಲ್ಲಿ ಮೌನವಾಗಿಲ್ಲ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮವು ೧೯೬೦ರಲ್ಲಿ ರಚಿತವಾಯಿತು. ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನೂ ಅದರ ಕ್ಷೇಮಕ್ಕೆ ತಕ್ಕ ಕ್ರಮಗಳನ್ನು ಕೈಕೊಳ್ಳತಕ್ಕದ್ದೆಂದು ಅದರ ೩ನೆಯ ಪ್ರಕರಣವು ವಿಧಿಸುತ್ತದೆ. ಹಸಿವು ನೀರಡಿಕೆಗಳಿಂದ ಸಂಕಟಪಡುವಂತೆ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆಯುವುದನ್ನು ೧೧ನೆಯ ಪ್ರಕರಣವು ಅಪರಾಧವೆಂದು ಎಣಿಸುತ್ತದೆ. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೫೧-ಎ ಅನುಚ್ಛೇದವು ಜೀವಿಗಳ ವಿಷಯದಲ್ಲಿ ಕರುಣೆಯನ್ನು ಪ್ರತಿಯೊಬ್ಬ ನಾಗರಿಕನ ಮೂಲಕರ್ತವ್ಯಗಳಲ್ಲಿ ಸೇರಿಸಿದೆ. ಆದುದರಿಂದ ಗೋಣಿಚೀಲದಲ್ಲಿ ತುಂಬಿ ಸಂತೆಪೇಟೆಯಲ್ಲಿ ಬಿಟ್ಟು ಬರುವ ಹಳೆಯ ಪದ್ಧತಿಯು ರಾಜಧರ್ಮಕ್ಕೂ ವಿರುದ್ಧವಾದುದು. ಆದರೂ ಭಕ್ತನಿಗೆ ದಂಡದ ಭಯವು ಪ್ರೇರಣೆಯಾಗಬಾರದು. ದಂಡವಿಲ್ಲದಿದ್ದರೂ ಅವನು ಮಾಡತಕ್ಕ ಕೆಲಸವಿದು.

ಮೂರನೆಯ ಪೂರ್ವಪಕ್ಷವು ಶುದ್ಧಿಗೂ ಆಹಾರಕ್ಕೂ ಸಂಬಂಧಿಸಿದುದು. ನಮ್ಮ ಮನೆಗಳಲ್ಲಿ ಇದೇ ಹೆಚ್ಚಿನ ತೊಡಕನ್ನು ಉಂಟುಮಾಡುತ್ತದೆ. ಶುದ್ಧಿಯ ಮಾತು ಸುಲಭ. ಲಿಂಗವಂತನಿಗೆ ಪಂಚಸೂತಕಗಳಿಲ್ಲವೆಂದು ಶರಣರು ಸಾರಿದ ಮೇಲೆ, ಗಾಯವನ್ನು ತೊಳೆದ ಕೈಯು ಅಶುದ್ಧವಾಗುವುದೆಂಬ ಭಯಕ್ಕೆ ಎಡೆಯಿಲ್ಲ. ಆರೋಗ್ಯಕ್ಕಾಗಿ ಸಾಬೂನಿನಿಂದ ಕೈ ತೊಳೆಯುವುದು ಬೇರೆ, ಮೈಲಿಗೆಯೆಂದು ಹೇಸುವುದು ಬೇರೆ. ಮೊದಲನೆಯದು ವಿವೇಕ, ಎರಡನೆಯದು ಅಜ್ಞಾನ.

ಆಹಾರದ ಮಾತು ಅಷ್ಟು ಸುಲಭವಲ್ಲ. ಲಿಂಗಾಯತ ಗೃಹಸ್ಥನು ಮಾಂಸವನ್ನು ಮುಟ್ಟನು. ಬೆಕ್ಕಾದರೋ ಹುಟ್ಟಿನಿಂದಲೇ ಮಾಂಸಾಹಾರಿ. ಸಂಸ್ಕೃತದಲ್ಲಿ ಅದಕ್ಕೆ ಆಖುಭುಕ್, ಇಲಿಯನ್ನು ತಿನ್ನುವುದು, ಎಂಬ ಹೆಸರೇ ಇದೆ. ಹಾಲು ಅನ್ನದಲ್ಲಿಯೇ ಬೆಕ್ಕು ಬದುಕುವುದೆಂದು ನಂಬುವ ಮನೆಗಳಲ್ಲಿ ಅದು ವಾಸ್ತವವಾಗಿ ಬದುಕುವುದು ಹೊರಗೆ ಹಿಡಿದ ಇಲಿಗಳಿಂದ. ಟಾರೀನ್ ಎಂಬ ಸತ್ತ್ವವು ಪ್ರಾಣಿಜನ್ಯ ಆಹಾರದಲ್ಲಿರುತ್ತದೆ. ಅದನ್ನು ತನ್ನ ದೇಹದಲ್ಲಿಯೇ ಸಾಕಷ್ಟು ಉತ್ಪತ್ತಿ ಮಾಡಿಕೊಳ್ಳುವ ಶಕ್ತಿ ಬೆಕ್ಕಿಗಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು ೧೯೭೫ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು ೧೯೮೭ರಲ್ಲಿಯೂ ವಿಜ್ಞಾನಿಗಳು ಕಂಡುಹಿಡಿದರು. ಹೊರಗೆ ಹೋಗಿ ಬೇಟೆಯಾಡಲಾರದೆ ಮಲಗಿರುವ ಬೆಕ್ಕಿಗೆ ಬರಿಯ ಹಾಲನ್ನೆರೆದರೆ, ಹೊಟ್ಟೆ ತುಂಬಿದಂತೆ ಕಂಡರೂ ದೇಹವು ಸೊರಗುತ್ತದೆ; ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯೂ ಆಗುತ್ತದೆ.

ಹಾಗಾದರೆ ಭಕ್ತನು ಏನು ಮಾಡಬೇಕು? ಇಲ್ಲಿ ಒಂದು ತತ್ತ್ವವನ್ನು ಗಟ್ಟಿಯಾಗಿ ಹಿಡಿಯಬೇಕು. ವ್ರತವು ಅದನ್ನು ಅರಿತು ಕೈಕೊಂಡವನದು. ಲಿಂಗದೀಕ್ಷೆಯನ್ನು ಪಡೆದು, ನಿಯಮದ ಅರ್ಥವನ್ನು ತಿಳಿದು, ಮನಸ್ಸಾರೆ ಒಪ್ಪಿದವನಿಗೆ ಮಾಂಸತ್ಯಾಗವು ವ್ರತವಾಗುತ್ತದೆ. ಏನನ್ನೂ ಕೈಕೊಳ್ಳದ, ಕೈಕೊಳ್ಳಲು ಬಾರದ ಪ್ರಾಣಿಯ ಮೇಲೆ ಅದೇ ನಿಯಮವನ್ನು ಹೇರಿದರೆ ಅದು ಪ್ರಾಣಿಗೆ ವ್ರತವಾಗುವುದಿಲ್ಲ, ಉಪವಾಸವಾಗುತ್ತದೆ. ತನ್ನ ಪುಣ್ಯಕ್ಕೆ ಇನ್ನೊಂದು ಜೀವವು ಹಸಿದು ಬೆಲೆ ತೆರುವಂತೆ ಮಾಡುವುದು ಅಹಿಂಸೆಯ ವೇಷದ ಹಿಂಸೆ. ಹೀಗೆಂದ ಮಾತ್ರಕ್ಕೆ, ಮಾಂಸವನ್ನು ಕೈಯಿಂದ ಮುಟ್ಟಲಾರದ ಗೃಹಿಣಿಯ ಸಂಕೋಚವನ್ನು ಹಾಸ್ಯ ಮಾಡುವುದೂ ಯುಕ್ತವಲ್ಲ. ಅದು ಅವಳು ಬಾಲ್ಯದಿಂದ ಪಾಲಿಸಿದ ನಿಷ್ಠೆ. ನಡುವಿನ ದಾರಿಗಳಿವೆ. ಬೆಕ್ಕಿಗೆ ಬೇಕಾದ ಸತ್ತ್ವಗಳನ್ನು ಸೇರಿಸಿ ಮಾಡಿದ ಸಿದ್ಧ ಆಹಾರವು ಈಗ ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಹಿತ್ತಿಲಲ್ಲಿ, ಪ್ರತ್ಯೇಕವಾದ ತಟ್ಟೆಯಲ್ಲಿ ಇಡಬಹುದು. ಅದೂ ಪ್ರಾಣಿಜನ್ಯವೇ ಆದುದರಿಂದ ಒಲ್ಲೆವೆನ್ನುವವರು, ಆ ಆಹಾರಪದ್ಧತಿಯುಳ್ಳ ನೆರೆಮನೆಯವರ ನೆರವನ್ನು ಕೇಳಬಹುದು. ಚೇತರಿಸುವ ತನಕ ಬೆಕ್ಕನ್ನು ಅವರಲ್ಲಿಯೇ ಇರಿಸಬಹುದು. ಬೆಕ್ಕನ್ನು ಸಾಕಿದ ದಿನವೇ ಅದರ ಪ್ರಕೃತಿಯನ್ನು ಒಪ್ಪಿದಂತಾಯಿತು. ಜೋಳದ ಚೀಲ ಉಳಿಯಲೆಂದು ಅದು ಇಲಿ ತಿನ್ನುವುದನ್ನು ಮೂರು ವರ್ಷ ಕಣ್ಣಾರೆ ಕಂಡು ಸುಮ್ಮನಿದ್ದ ಮನೆಯು, ಅದು ಬಿದ್ದ ದಿನ ಮಾತ್ರ ಶಾಕಾಹಾರದ ನಿಯಮವನ್ನು ನೆನೆಯುವುದು ನ್ಯಾಯವಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯು ಆಗ ಬೆಕ್ಕಿಗಿಂತ ಮನೆಯವರಿಗೇ ಹೆಚ್ಚು ಒಪ್ಪುತ್ತದೆ.

ಮೂರು ಪೂರ್ವಪಕ್ಷಗಳಿಗೂ ಉತ್ತರವಾಯಿತು. ಇನ್ನು ಈ ಸೇವೆಗೆ ಆಚಾರದಲ್ಲಿ ಸ್ಥಾನವೆಲ್ಲಿ ಎಂಬುದನ್ನು ನಿರ್ಣಯಿಸಬೇಕು. ಉತ್ಸಾಹದಿಂದ ಕೆಲವರು ಬೆಕ್ಕಿಗೆ ಅನ್ನವಿಕ್ಕಿದುದನ್ನೂ ಜಂಗಮದಾಸೋಹವೆಂದು ಕರೆದುಬಿಡುತ್ತಾರೆ. ಅದು ಶಾಸ್ತ್ರಸಮ್ಮತವಾದ ಮಾತಲ್ಲ. ಗುರು ಲಿಂಗ ಜಂಗಮಗಳಿಗೆ ಅಷ್ಟಾವರಣದಲ್ಲಿರುವ ಸ್ಥಾನವು ವಿಶಿಷ್ಟವಾದುದು. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೆ ಹೆಸರು ಸವೆಯುತ್ತದೆ, ಅರ್ಥವು ಜಾರುತ್ತದೆ. ಈ ಸೇವೆಯು ಪಂಚಾಚಾರಗಳಲ್ಲಿ ಕೊನೆಯದಾದ ಭೃತ್ಯಾಚಾರಕ್ಕೆ ಹತ್ತಿರವಾದುದು. ಶರಣರೇ ಹಿರಿಯರು, ತಾನು ಅವರ ಭೃತ್ಯನೆಂಬ ವಿನಯವೇ ಭೃತ್ಯಾಚಾರದ ಲಕ್ಷಣ. ಆದರೆ ಹಿರಿಯರ ಮುಂದೆ ಬಾಗುವುದು ಕಠಿಣವಲ್ಲ. ಅಲ್ಲಿ ಬಾಗಿದವನಿಗೆ ಗೌರವವೂ ದೊರೆಯುತ್ತದೆ. ಆ ವಿನಯವು ನಿಜವೋ ಸೋಗೋ ಎಂಬುದು ತಿಳಿಯಬೇಕಾದರೆ, ಯಾವ ಗೌರವವನ್ನೂ ಕೊಡಲಾರದ ಜೀವಿಯ ಮುಂದೆ ಅವನು ಮೊಣಕಾಲೂರಿ ಹೊಲಸು ಬಳಿಯುವನೋ ಎಂಬುದನ್ನು ನೋಡಬೇಕು. ಹೀಗೆ ಬೆಕ್ಕಿನ ಸೇವೆಯು ಭೃತ್ಯಾಚಾರದ ವಿಷಯವಲ್ಲದಿದ್ದರೂ ಅದರ ಒರೆಗಲ್ಲಾಗುತ್ತದೆ. ದನಗಳ ಹಿಂದೆ ಅಲೆಯುವುದನ್ನೇ ಕಾಯಕವಾಗಿ ಕೈಕೊಂಡ ತುರುಗಾಹಿ ರಾಮಣ್ಣನವರು ಆ ಕಾಯಕದಲ್ಲಿಯೇ ಶರಣಪದವಿಯನ್ನು ಪಡೆದರು. ಪಶುವಿನ ಸಂಗಡ ಕಳೆದ ಹೊತ್ತು ಶಿವನಿಗೆ ಸಲ್ಲದ ಹೊತ್ತೆಂದು ಶರಣರು ಎಂದೂ ಎಣಿಸಲಿಲ್ಲ.

ದಯೆಯಿದ್ದರೆ ಸಾಲದು, ಅರಿವೂ ಬೇಕು. ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ರೋಗವನ್ನು ಅರಿಯದೆ ಮದ್ದು ಕೊಡುವುದು ಎಂಥ ಅಪಾಯವೆಂಬುದನ್ನು ವೈದ್ಯಕಾಯಕದವರೇ ಚೆನ್ನಾಗಿ ಬಲ್ಲರು. ಬೆಕ್ಕಿನ ವಿಷಯದಲ್ಲಿ ಅಜ್ಞಾನದ ದಯೆಯು ಪ್ರಾಣವನ್ನೇ ತೆಗೆಯಬಲ್ಲದು. ಮನುಷ್ಯರು ಜ್ವರಕ್ಕೂ ನೋವಿಗೂ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯು ಬೆಕ್ಕಿಗೆ ವಿಷ. ಅದನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲದಿರುವುದರಿಂದ ಒಂದೇ ಮಾತ್ರೆಯೂ ಪ್ರಾಣಾಂತಿಕವಾಗಬಹುದು. ಫಿನಾಯಿಲಿನಂಥ ದ್ರವಗಳಿಂದ ಗಾಯ ತೊಳೆಯುವುದೂ ಹಾಗೆಯೇ ಅಪಾಯ. ಬೆಕ್ಕು ಮೈಯನ್ನು ನೆಕ್ಕಿಕೊಳ್ಳುವುದರಿಂದ ಹಚ್ಚಿದುದೆಲ್ಲವೂ ಹೊಟ್ಟೆಗೆ ಹೋಗುತ್ತದೆ. ನಾಯಿಗೆ ಹಚ್ಚುವ ಉಣ್ಣೆಯ ಔಷಧಗಳಲ್ಲಿ ಕೆಲವು ಬೆಕ್ಕನ್ನು ಕೊಲ್ಲುತ್ತವೆ. ವೈದ್ಯನು ನೋಡುವವರೆಗೆ ಉಗುರುಬೆಚ್ಚಗಿನ ಶುದ್ಧ ನೀರಿನಲ್ಲಿ ಸ್ವಲ್ಪ ಉಪ್ಪು ಕರಗಿಸಿ, ಮೆತ್ತಗಿನ ಬಟ್ಟೆಯಿಂದ ಗಾಯದ ಸುತ್ತ ಒರೆಸುವುದಷ್ಟೇ ಸಾಕು.

ಕಾಣೆಯಾದ ಬೆಕ್ಕನ್ನು ಹುಡುಕುವಲ್ಲಿಯೂ ಅರಿವು ಬೇಕು. ಗಾಯಗೊಂಡ ಬೆಕ್ಕು ಕೂಗಿದರೆ ಓಡಿ ಬರುವುದಿಲ್ಲ. ಅವಿತುಕೊಳ್ಳುವುದು ಅದರ ಸ್ವಭಾವ. ಮನೆಯ ಹತ್ತಿರದಲ್ಲಿಯೇ ಬಣವೆಯ ಬುಡದಲ್ಲಿ, ಅಟ್ಟದ ಮೂಲೆಯಲ್ಲಿ, ಚರಂಡಿಯ ಕೊಳವೆಯಲ್ಲಿ, ನೆರೆಯವರ ಕೊಟ್ಟಿಗೆಯಲ್ಲಿ ಅದು ಸದ್ದಿಲ್ಲದೆ ಬಿದ್ದಿರಬಹುದು. ಗದ್ದಲವಡಗಿದ ಮುಂಜಾವಿನಲ್ಲಿ ಅಥವಾ ರಾತ್ರಿಯಲ್ಲಿ ದೀಪ ಹಿಡಿದು ಸಂದುಗೊಂದುಗಳನ್ನು ನೋಡಬೇಕು, ಪರಿಚಿತವಾದ ದನಿಯಿಂದ ಮೆಲ್ಲಗೆ ಕರೆಯಬೇಕು. ಎರಡೇ ದಿನಕ್ಕೆ ಆಸೆ ಬಿಡಬಾರದು. ದೊರೆತ ಬೆಕ್ಕನ್ನು ಕೊರಳು ಕಾಲುಗಳನ್ನು ಹಿಡಿದು ಎತ್ತದೆ, ದಪ್ಪನೆಯ ಬಟ್ಟೆಯಲ್ಲಿ ಮೆಲ್ಲಗೆ ಸುತ್ತಿ, ಮುಚ್ಚಳವುಳ್ಳ ಗಾಳಿಯಾಡುವ ಬುಟ್ಟಿಯಲ್ಲಿ ಮಲಗಿಸಿ ವೈದ್ಯನಲ್ಲಿಗೆ ಒಯ್ಯಬೇಕು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಒಸಡುಗಳು ಬಿಳಿಚಿಕೊಂಡಿದ್ದರೆ, ಮೂತ್ರವು ಕಟ್ಟಿದ್ದರೆ ತಡಮಾಡಲೇಬಾರದು. ಎರಡು ಮೂರು ದಿನ ಏನನ್ನೂ ತಿನ್ನದ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಅದೇ ಮರಣಕ್ಕೆ ಕಾರಣವಾಗಬಹುದು. ಆದುದರಿಂದ ತಾನಾಗಿಯೇ ತಿನ್ನಲೆಂದು ಕಾಯುವುದು ಸಲ್ಲದು. ನೋವಿನ ಭಯದಿಂದ ಅದು ಸಾಕಿದವರನ್ನೇ ಕಚ್ಚಬಹುದು, ಪರಚಬಹುದು. ಹಾಗಾದಾಗ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುರೋಗದ ಲಸಿಕೆಯ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯಬೇಕು. ಹುಚ್ಚುರೋಗವು ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣಗಳು ತೋರಿದ ಮೇಲೆ ಅದಕ್ಕೆ ಮದ್ದಿಲ್ಲ. ಸೇವೆಯ ಹುರುಪಿನಲ್ಲಿ ಮನೆಯವರ ಪ್ರಾಣವನ್ನು ಲಕ್ಷಿಸದಿರುವುದು ಧರ್ಮವಾಗದು.

ದೃಷ್ಟಾಂತದ ಮನೆಯಲ್ಲಿ ಮುದುಕಿಯ ಮಾತೇ ಗೆದ್ದಿತೆಂದು ಭಾವಿಸಬಹುದು. ವೈದ್ಯನು ಕೀವು ತೆಗೆದು, ಔಷಧವಿತ್ತು, ಸೊಂಟದ ಎಲುಬು ಬಿರಿದಿದೆ, ಹಲವು ವಾರ ಇಕ್ಕಟ್ಟಾದ ಜಾಗದಲ್ಲಿಯೇ ಅಲುಗದಂತೆ ಇರಿಸಬೇಕೆಂದು ಹೇಳಿದನು. ಮನದ ಸೇವೆಯು ಇಲ್ಲಿಂದ ಆರಂಭವಾಗುತ್ತದೆ. ಮೊದಲ ದಿನದ ಕನಿಕರವು ಎಲ್ಲರಲ್ಲಿಯೂ ಉಕ್ಕುತ್ತದೆ. ಹದಿನೈದನೆಯ ದಿನ ಹಾಸು ಬದಲಿಸುವಾಗ ಕನಿಕರವಿರುವುದಿಲ್ಲ, ಬೇಸರವಿರುತ್ತದೆ. ಬೆಕ್ಕು ಕೃತಜ್ಞತೆಯನ್ನು ತೋರುವುದಿಲ್ಲ. ಔಷಧ ಕುಡಿಸಿದವನನ್ನು ಕಂಡರೆ ಮುಖ ತಿರುಗಿಸುತ್ತದೆ. ನುಲಿಯ ಚಂದಯ್ಯನವರು ಕಾಯಕವನ್ನು ಪ್ರೀತಿ ಬಂದಾಗ ಮಾತ್ರ ಮಾಡಿದವರಲ್ಲ, ದಿನವೂ ಮಾಡಿದವರು. ಬೇಸರವಿದ್ದರೂ ಎದ್ದು ಮಾಡಿದ ಸೇವೆಯಲ್ಲಿಯೇ ಮನಸ್ಸು ಮಾಗುತ್ತದೆ. ಅನ್ಯಮತದ ಆಚಾರ್ಯರು ಭಗವಂತನ ಕೃಪೆಯನ್ನು ವಿವರಿಸಲು ಮಾರ್ಜಾಲಕಿಶೋರ ನ್ಯಾಯವನ್ನು ಹೇಳುತ್ತಾರೆ. ಮರಿಯು ಏನನ್ನೂ ಮಾಡುವುದಿಲ್ಲ. ತಾಯಿಬೆಕ್ಕೇ ಅದನ್ನು ಬಾಯಲ್ಲಿ ಕಚ್ಚಿಕೊಂಡು ಸುರಕ್ಷಿತ ಸ್ಥಳಕ್ಕೆ ಒಯ್ಯುತ್ತದೆ. ಬಿದ್ದ ಬೆಕ್ಕಿನ ಮುಂದೆ ಗೃಹಸ್ಥನು ಕೆಲವು ವಾರಗಳ ಮಟ್ಟಿಗೆ ಆ ತಾಯಿಬೆಕ್ಕಿನ ಸ್ಥಾನದಲ್ಲಿ ನಿಲ್ಲುತ್ತಾನೆ. ಯೋಗ್ಯತೆಯನ್ನು ಕೇಳದೆ ಎತ್ತಿಕೊಳ್ಳುವುದು ಹೇಗೆಂಬುದನ್ನು ಅಲ್ಲಿ ಕಲಿತವನಿಗೆ, ತನ್ನನ್ನು ಎತ್ತಿಕೊಂಡ ಕೃಪೆಯ ಬೆಲೆಯೂ ತಿಳಿದೀತು.

ಎಲ್ಲ ಬೆಕ್ಕುಗಳೂ ಬದುಕುವುದಿಲ್ಲ. ಬೆನ್ನುಹುರಿ ತುಂಡಾಗಿದೆ, ನೋವು ನಿಲ್ಲದು, ಚೇತರಿಕೆಯಿಲ್ಲ ಎಂದು ವೈದ್ಯನು ಸ್ಪಷ್ಟವಾಗಿ ಹೇಳಿ, ನೋವಿಲ್ಲದೆ ಪ್ರಾಣವನ್ನು ಮುಗಿಸುವ ಚುಚ್ಚುಮದ್ದಿನ ಮಾತೆತ್ತಿದರೆ ಭಕ್ತನ ಗತಿಯೇನು? ಕೊಲ್ಲಬಾರದೆಂಬುದು ಶರಣರ ಮೊದಲ ನಿಯಮಗಳಲ್ಲಿ ಒಂದು. ಆದುದರಿಂದ ಈ ಮಾತನ್ನು ಹಗುರವಾಗಿ ಒಪ್ಪುವ ಹಾಗಿಲ್ಲ. ನೋವಿನಲ್ಲಿ ನರಳಿಸುತ್ತ ತನ್ನ ಕೈ ಮಾತ್ರ ಶುದ್ಧವಾಗಿರಲೆಂದು ನೋಡುವುದೂ ದಯೆಯಲ್ಲ. ಇಂಥ ಸಮಯದಲ್ಲಿ ಗೃಹಸ್ಥನು ತನ್ನನ್ನು ತಾನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮುಗಿಸಬೇಕೆಂದಿರುವುದು ಬೆಕ್ಕಿನ ನೋವನ್ನೋ, ತನ್ನ ತೊಂದರೆಯನ್ನೋ? ತನ್ನ ತೊಂದರೆಯನ್ನಾದರೆ ಆ ಚುಚ್ಚುಮದ್ದು ಕೊಲೆಗೆ ಸಮಾನ. ನೋವು ಶಮನವಾಗುವ ಬೇರೆ ದಾರಿಯಿರುವವರೆಗೆ ಅದನ್ನೇ ಹಿಡಿಯಬೇಕು. ಇಲ್ಲವೆಂದು ನಿಶ್ಚಯವಾದಾಗ ವೈದ್ಯನನ್ನೂ ಹಿರಿಯರನ್ನೂ ವಿಚಾರಿಸಿ, ಲಿಂಗಸಾಕ್ಷಿಯಾಗಿ, ಯಾವ ಸ್ವಾರ್ಥವನ್ನೂ ಬೆರಸದೆ ನಿರ್ಣಯಿಸಬೇಕು. ಯಾವ ದಾರಿಯನ್ನು ಹಿಡಿದರೂ ಕೊನೆಯ ಹೊತ್ತಿನಲ್ಲಿ ಅದನ್ನು ಒಂಟಿಯಾಗಿ ಬಿಡಬಾರದು. ಜೊತೆಯಲ್ಲಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲು ಒಪ್ಪದ ಧರ್ಮರಾಯನ ಕಥೆಯನ್ನು ಮಹಾಭಾರತವು ತನ್ನ ತುದಿಯಲ್ಲಿ ಇಟ್ಟಿರುವುದು ವ್ಯರ್ಥವಲ್ಲ.

ಸೇವೆಗಿಂತಲೂ ಮೊದಲು ಬರಬೇಕಾದುದು ಎಚ್ಚರಿಕೆ. ಬೆದೆಗೆ ಬಂದ ಗಂಡುಬೆಕ್ಕುಗಳೇ ಬಹುಮಟ್ಟಿಗೆ ದಿನಗಟ್ಟಲೆ ಅಲೆದು, ಕಾದಾಡಿ, ರಸ್ತೆಗಳಲ್ಲಿ ವಾಹನಗಳಿಗೆ ಸಿಲುಕುತ್ತವೆ. ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿದರೆ ಈ ಅಲೆದಾಟವು ಬಹಳವಾಗಿ ತಗ್ಗುತ್ತದೆ, ಸಾಕುವವರಿಲ್ಲದ ಮರಿಗಳೂ ಹುಟ್ಟುವುದಿಲ್ಲ. ಹುಚ್ಚುರೋಗದ ಲಸಿಕೆಯನ್ನು ಹಾಕಿಸುವುದು, ರಾತ್ರಿ ಮನೆಯೊಳಗೆ ಇರಿಸಿಕೊಳ್ಳುವುದು ಇವೂ ಸಾಕುವವನ ಹೊಣೆಯೊಳಗಿನ ಮಾತುಗಳೇ.

ಬೆಕ್ಕನ್ನು ಕೊಂದ ಪಾಪಕ್ಕೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆಯು ನಮ್ಮ ಜನರಲ್ಲಿ ಬೇರೂರಿದೆ. ಕಲ್ಲಿನ ಹಾವಿಗೆ ಒಂದು ನಡತೆ, ಜೀವವಿರುವ ಹಾವಿಗೆ ಇನ್ನೊಂದು ನಡತೆ ತೋರುವ ಲೋಕವನ್ನು ಬಸವಣ್ಣನವರು ಎಚ್ಚರಿಸಿದ ಮೇಲೆಯೂ ಈ ಚಿನ್ನದ ಬೆಕ್ಕು ಉಳಿದುಕೊಂಡಿದೆ. ಸತ್ತ ಬೆಕ್ಕಿಗೆ ತೂಗುವ ಚಿನ್ನವು ಯಾವ ಜೀವಕ್ಕೂ ಉಪಕಾರವಾಗದು. ಬದುಕಿರುವ ಬೆಕ್ಕಿಗೆ ಬೇಕಾದುದು ಒಂದು ಹಳೆಯ ಸೀರೆಯ ತುಂಡು, ಒಂದು ಬಟ್ಟಲು ನೀರು, ವೈದ್ಯನ ಮನೆಯವರೆಗಿನ ದಾರಿ, ಕೆಲವು ವಾರಗಳ ತಾಳ್ಮೆ. ಮನೆಯ ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ತಮ್ಮ ತಂದೆತಾಯಿಗಳು ಉಪಯೋಗಕ್ಕೆ ಬಾರದ ಜೀವವನ್ನು ಹೇಗೆ ನಡೆಸಿಕೊಂಡರೆಂಬುದನ್ನು ಅವರು ಮರೆಯುವುದಿಲ್ಲ. ಆ ತಂದೆತಾಯಿಗಳಿಗೆ ಮುಪ್ಪು ಬಂದು, ಉಪಯೋಗವು ಮುಗಿದ ದಿನ ಮಕ್ಕಳಿಗೆ ಅದು ನೆನಪಾಗುತ್ತದೆ. ಹೊಸ್ತಿಲಿಗೆ ಬಂದು ಬಿದ್ದ ಜೀವವನ್ನು ಮೊದಲು ಒಳಗೆ ತೆಗೆದುಕೊಂಡು ಆಮೇಲೆ ವಿಚಾರಿಸುವ ಬು‌ದ್ಧಿಯನ್ನು ಶಿವನು ಗೃಹಸ್ಥರೆಲ್ಲರಿಗೂ ಕರುಣಿಸಲಿ.